ಹಗ್ಗದ ಮೇಲೆ ಬಿದ್ದ ಪ್ರಶ್ನೆಪತ್ರಿಕೆ

ನಮ್ಮೂರಿನಲ್ಲಿ ಬಟ್ಟೆ ಒಣಹಾಕುವವರು ಮೊದಲು ಆಕಾಶ ನೋಡುವುದಿಲ್ಲ, ನನ್ನ ಕಿಟಕಿ ನೋಡುತ್ತಾರೆ. ಕಿಟಕಿ ತೆರೆದಿದ್ದರೆ ನನ್ನ ಕಂಪ್ಯೂಟರು ನಡೆಯುತ್ತಿದೆ, ಅದರಿಂದ ಊರಿನ ಫೋನುಗಳಿಗೆ ನೆಟ್ ಹೋಗುತ್ತಿದೆ ಎಂದರ್ಥ. ಆ ಹೊತ್ತಿನಲ್ಲಿ ಒದ್ದೆ ಬಟ್ಟೆ ಹೊರಗೆ ಹಾಕಿದರೆ ಅದರ ಮೇಲೆ ಯಾರದಾದರೂ ಮಾತು ಬಂದು ಕೂರುತ್ತದೆ. ಬೀಗವಿಲ್ಲದೆ ಗಾಳಿಗೆ ಬಿಟ್ಟ ಮಾತು ನಮ್ಮಲ್ಲಿ ಒದ್ದೆ ಬಟ್ಟೆಯ ಮೇಲೆ ಇಳಿಯುತ್ತದೆ. ಬಟ್ಟೆ ಒಣಗುತ್ತಾ ಹೋದಂತೆ ತಿಳಿನೀಲಿ ಅಕ್ಷರಗಳು ಮೂಡುತ್ತವೆ, ಎರಡು ಸಲ ಒಗೆದರೆ ಹೋಗುತ್ತವೆ. ಹೊರಗಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಾವು ಯಾವತ್ತೋ ರೂಢಿ ಮಾಡಿಕೊಂಡಿದ್ದೇವೆ.

ರೂಢಿಯೆಂದರೆ ಹೀಗೆ. ನಿಮ್ಮ ಧೋತರದ ಮೇಲೆ ಬೇರೆಯವರ ಮಾತು ಬಿದ್ದರೆ ಅದನ್ನು ಗಟ್ಟಿಯಾಗಿ ಓದಬಾರದು. ಮಡಚಿ, ಯಾರ ಮಾತೋ ಅವರ ಮನೆಗೆ ಮುಟ್ಟಿಸಬೇಕು. ಅವರು ನಿಮಗೆ ಚಹಾ ಕೊಡಬೇಕು, ಧೋತರ ತಾವೇ ಒಗೆಸಿ ಹಿಂದಿರುಗಿಸಬೇಕು. ಚಹಾ ಕುಡಿಯುವಾಗ ಆ ಮಾತಿನ ಸುದ್ದಿ ಎತ್ತುವ ಹಾಗಿಲ್ಲ. ಅಂಚೆಯ ರಾಮಚಂದ್ರಪ್ಪನ ಬನಿಯನ್ನಿನ ಮೇಲೆ ಒಮ್ಮೆ ಎದುರುಮನೆಯ ಸೊಸೆ ತವರಿಗೆ ಬರೆದ ದೂರು ಹದಿನೇಳು ಸಾಲು ಬಿದ್ದಿತ್ತು. ಪುಣ್ಯಾತ್ಮ ಅದನ್ನು ಮಡಚಿ ಒಯ್ದು ಅತ್ತೆಯ ಕೈಗೆ ಕೊಡದೆ ಸೊಸೆಯ ಕೈಗೇ ಕೊಟ್ಟುಬಂದ. ಆ ಮನೆ ಇವತ್ತಿಗೂ ಒಂದಾಗಿರುವುದು ಆ ಮನುಷ್ಯನಿಂದ. ಆದರೂ ಒಂದು ಮಾತು ಹೇಳಲೇಬೇಕು: ಇಷ್ಟೆಲ್ಲ ಮರ್ಯಾದೆ ಇದ್ದ ಊರಿನಲ್ಲಿ ಗುಟ್ಟು ಎಂಬುದು ಮಾತ್ರ ಇರಲಿಲ್ಲ.

ನಾನು ಸುಲೋಚನಾ. ಊರಿಗೆಲ್ಲ ಟೈಪಿಂಗ್ ಅಕ್ಕಾರು. ಹೈಸ್ಕೂಲಿನ ಗೋಡೆಗೆ ಗೋಡೆ ಹಚ್ಚಿ ಮೂವತ್ತನಾಲ್ಕು ವರ್ಷದಿಂದ ಬೆರಳಚ್ಚು ಶಾಲೆ ನಡೆಸುತ್ತಿದ್ದೇನೆ. ಈ ಊರಿನಲ್ಲಿ ಹತ್ತು ಬೆರಳಿರುವವರೆಲ್ಲ ನನ್ನ ಕೈಯಲ್ಲಿ ಪಳಗಿದವರು. ಕ್ಷೌರದ ಚನ್ನಬಸ್ಯಾನಿಂದ ಹಿಡಿದು ಪಂಚಾಯಿತಿ ಅಧ್ಯಕ್ಷನವರೆಗೆ ಎಲ್ಲರೂ ನನ್ನ ಕಟ್ಟಿಗೆಯ ಸ್ಟೂಲಿನ ಮೇಲೆ ನೆಟ್ಟಗೆ ಕೂತು ಎ, ಎಸ್, ಡಿ, ಎಫ್ ಕುಟ್ಟಿದವರೇ. ಜಂಬ ಎನ್ನುತ್ತೀರಾ? ಎನ್ನಿ. ಜಂಬ ಪಡುವಂಥ ಕೆಲಸ ಮಾಡಿದವರು ಪಡಬೇಕು, ಇಲ್ಲದಿದ್ದರೆ ಅದು ಮಾಡದವರ ಪಾಲಾಗುತ್ತದೆ. ಊರು ಗುಡ್ಡಗಳ ನಡುವಿನ ತಗ್ಗಿನಲ್ಲಿರುವುದರಿಂದ ಇಲ್ಲಿ ಫೋನಿಗೆ ಸಿಗ್ನಲ್ಲು ಹತ್ತುವುದಿಲ್ಲ. ಗುಡ್ಡ ದಾಟಿ ಬಂದದ್ದು ಒಂದೇ ಒಂದು ವೈರು, ಅದು ಮುಗಿಯುವುದು ನನ್ನ ಕಂಪ್ಯೂಟರಿನ ಬೆನ್ನಿಗೆ. ಊರಿನವರು ಬಂದು "ಅಕ್ಕಾರ, ಸ್ವಲ್ಪ ನಮ್ಮ ಫೋನಿಗೂ ಬಿಡ್ರಿ" ಎಂದಾಗ ನಾನು ಹಾಟ್‌ಸ್ಪಾಟ್ ಹಚ್ಚಿ ಬಿಟ್ಟೆ. ಅದಕ್ಕೆ ಪಾಸ್‌ವರ್ಡ್ ಇಡುವುದು ನನಗೆ ಸರಿ ಕಾಣಲಿಲ್ಲ. ಬಾಗಿಲಿಗೆ ಬಂದು ನೀರು ಕೇಳಿದವರ ಎದುರು ಯಾರಾದರೂ ಕೊಡಕ್ಕೆ ಬೀಗ ಹಾಕುತ್ತಾರೆಯೇ?

ಆ ಬೀಗ ಹಾಕದ ಒಳ್ಳೆಯತನವೇ ಹನ್ನೊಂದು ವರ್ಷದ ಹಿಂದೆ ಊರಿನ ಕುತ್ತಿಗೆಗೆ ಬಂತು. ಹತ್ತನೇ ಇಯತ್ತೆಯ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಂಡಳಿಯಿಂದ ಮುಂಜಾನೆ ಹೆಡ್‌ಮಾಸ್ತರರ ಫೋನಿಗೆ ಬರುತ್ತದೆ. ಪರೀಕ್ಷೆಯ ಕೋಣೆಯಲ್ಲೇ ಅದನ್ನು ತೆರೆದು, ಅಲ್ಲೇ ಪ್ರತಿ ತೆಗೆದು ಹಂಚಬೇಕು. ಫೋನಿಗೆ ನೆಟ್ ಕೊಡುವವಳು ನಾನು. ಕೊಟ್ಟೆ. ಒಂಬತ್ತೂವರೆಗೆ ನೋಡಿದರೆ ಗಣಿತದ ಪತ್ರಿಕೆ ಇಡಿಯಾಗಿ ಓಣಿಯ ಹಗ್ಗದ ಮೇಲೆ ನೇತಾಡುತ್ತಿತ್ತು. ಮೊದಲ ಇಪ್ಪತ್ತು ಪ್ರಶ್ನೆ ಒಂದು ಇಳಕಲ್ ಸೀರೆಯ ಮೇಲೆ, ಉಳಿದವು ಎರಡು ಲುಂಗಿ ಮತ್ತು ಒಂದು ದಿಂಬಿನ ಚೀಲದ ಮೇಲೆ. ಮಕ್ಕಳು ಅದೇ ಓಣಿಯಿಂದ ಶಾಲೆಗೆ ಹೋಗಬೇಕು, ಕಣ್ಣು ಮುಚ್ಚಿಕೊಂಡು ಹೋಗಲಾಗುತ್ತದೆಯೇ? ಏಳರ ಮಗ್ಗಿ ಬಾರದ ಹುಡುಗರೂ ನೂರಕ್ಕೆ ನೂರು ತೆಗೆದರು. ಮಂಡಳಿಯವರು ಊರಿನ ಪರೀಕ್ಷಾ ಕೇಂದ್ರವನ್ನೇ ಕಿತ್ತುಕೊಂಡರು.

ಅಂದಿನಿಂದ ನಮ್ಮ ಮಕ್ಕಳು ಹಿನ್ನೀರು ದಾಟಿ, ಲಾಂಚಿನಲ್ಲಿ ಒಂದೂವರೆ ತಾಸು ಕೂತು, ಆಚೆ ದಂಡೆಯ ಊರಿನಲ್ಲಿ ಪರೀಕ್ಷೆ ಬರೆಯುತ್ತಿದ್ದರು. ಹೋದ ವರ್ಷ ಗಾಳಿಗೆ ಲಾಂಚು ವಾಲಿ ಪವಿತ್ರಾ ಎಂಬ ಹುಡುಗಿ ನೀರಿಗೆ ಬಿದ್ದಳು. ಎತ್ತಿದರು, ಬದುಕಿದಳು, ಆದರೆ ಪರೀಕ್ಷೆ ತಪ್ಪಿತು. ಆಕೆ ಮಡಿವಾಳರ ಕಲ್ಲವ್ವನ ಮೊಮ್ಮಗಳು. ಲೆಕ್ಕದಲ್ಲಿ ಶಾಲೆಗೇ ಮೊದಲಿಗಳು, ಈಗ ಅಜ್ಜಿಯ ಜೊತೆ ಹಳ್ಳಕ್ಕೆ ಹೋಗಿ ಬಟ್ಟೆ ಒಗೆಯುತ್ತಾಳೆ. ಈ ವರ್ಷ ಹೆಡ್‌ಮಾಸ್ತರರು ಮನೆಗೇ ಹೋಗಿ ಕರೆದರೆ ಆಕೆ ಹೇಳಿದ್ದು ಒಂದೇ ಮಾತು: "ಪರೀಕ್ಷೆ ಊರಾಗ ನಡಸ್ರಿ, ಬರೀತೀನಿ. ಲಾಂಚ್ ಮಾತ್ರ ನಾ ಹತ್ತೂದಿಲ್ರಿ ಸರ್." ಆ ಮಾತು ಯಾರಿಗೆ ಎಲ್ಲಿ ತಟ್ಟಿತೋ ನನಗೆ ಗೊತ್ತಿಲ್ಲ, ನನಗೆ ಮಾತ್ರ ನೆತ್ತಿಯಿಂದ ಅಂಗಾಲಿನವರೆಗೆ ತಟ್ಟಿತು. ಆ ಲಾಂಚಿಗೆ ಊರಿನ ಮಕ್ಕಳನ್ನು ಹತ್ತಿಸಿದವಳು ನಾನೇ ಅಲ್ಲವೇ?

ನಾನು ಮಂಡಳಿಗೆ ಪತ್ರ ಬರೆದೆ. ಒಂದಲ್ಲ, ಒಂಬತ್ತು. ಎಲ್ಲವೂ ಟೈಪ್ ಮಾಡಿದ್ದು, ಒಂದರಲ್ಲೂ ಒಂದು ಅಕ್ಷರ ತಪ್ಪಿಲ್ಲ. ಕೊನೆಗೆ ಝರೀನಾ ಬೇಗಂ ಎಂಬ ಅಧಿಕಾರಿ ಬಂದರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ, ಕೈಯಲ್ಲಿ ಸದಾ ಒಂದು ಪೆನ್ನು. ಶಾಲೆ ನೋಡಿದರು, ನನ್ನ ಕಂಪ್ಯೂಟರು ನೋಡಿದರು, ಓಣಿಯ ಹಗ್ಗಗಳನ್ನು ತುಸು ಹೆಚ್ಚೇ ಹೊತ್ತು ನೋಡಿದರು.

"ಅಕ್ಕಾರ, ಕಂಪ್ಯೂಟರದಿಂದ ಫೋನಿಗೆ ಹೋಗೂ ದಾರಿಗೆ ನೀವು ಬೀಗ ಹಾಕ್ತೀರೇನು?" ಎಂದು ಕೇಳಿದರು.

"ಹಾಕ್ತೀನ್ರಿ."

"ಖರೇನ?"

"ಮೂವತ್ತನಾಕು ವರ್ಷ ಕಲಿಸೀನ್ರಿ. ನನ್ನ ಕೈಯಾಗ ಒಂದು ಕೀಲಿನೂ ಸುಮ್ನ ಒತ್ತೂದಿಲ್ಲ."

ಝರೀನಾ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಹಂಗಾದ್ರ ಬುಧವಾರ ಒಂದು ತಾಲೀಮು ಮಾಡೂಣು. ಒಂದು ಸುಳ್ಳು ಪತ್ರಿಕೆ ಕಳಸ್ತೀವಿ. ಒಂದ ಒಂದು ಅಕ್ಷರ ಹೊರಗ ಬಿದ್ರೂ ಈ ಊರಿನ ಸುದ್ದಿ ಇಲ್ಲಿಗೇ ಮುಗೀತು."

ಹಾಟ್‌ಸ್ಪಾಟಿಗೆ ಪಾಸ್‌ವರ್ಡ್ ಇಡಲು ಕೂತೆ. ಹೆಸರು ಇಡಬಾರದು, ಹುಟ್ಟಿದ ದಿನ ಇಡಬಾರದು, ಊಹಿಸುವಂಥದ್ದು ಯಾವುದೂ ಬೇಡ, ಎಂಟಕ್ಕಿಂತ ಕಡಿಮೆ ಅಕ್ಷರ ಇರಬಾರದು ಎಂದು ನಾನು ಓದಿಕೊಂಡಿದ್ದೆ. ಹಾಗಾದರೆ ಅರ್ಥವೇ ಇಲ್ಲದ ಪದವೊಂದು ಬೇಕು. ಬೆರಳನ್ನು ಕೀಲಿಗಳ ಮೇಲೆ ಇಟ್ಟೆ, ಅವು ತಾವಾಗಿಯೇ ನಡೆದವು. ಹನ್ನೆರಡು ಅಕ್ಷರ. ಯಾವ ಭಾಷೆಯಲ್ಲೂ ಅದಕ್ಕೆ ಅರ್ಥವಿಲ್ಲ, ಬ್ರಹ್ಮನಿಗೂ ಊಹಿಸಲಾಗದು. ಎಷ್ಟು ಸಲೀಸಾಗಿ ಹೊಳೆಯಿತು ನೋಡು ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ಅದನ್ನು ಹೆಡ್‌ಮಾಸ್ತರ ಬಸಲಿಂಗಪ್ಪನವರ ಕಿವಿಯಲ್ಲಿ ಮಾತ್ರ ಹೇಳಿದೆ. ಬುಧವಾರ ಮುಂಜಾನೆ ಯಾರಿಗೂ ನೆಟ್ ಇಲ್ಲ, ಬೀಗ ಬಿದ್ದಿದೆ ಎಂದು ಡಂಗುರವನ್ನೂ ಹೊಡೆಸಿದೆ. ಊರಿನವರು ಮುಖ ಸೊಟ್ಟ ಮಾಡಿದರು. "ಅಕ್ಕಾರು ಬೀಗ ಹಾಕೂ ಕಾಲ ಬಂತಲ್ರೀ" ಎಂದು ಚನ್ನಬಸ್ಯಾ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಂದು ನನ್ನ ಕಿಟಕಿಯ ಮುಂದೆ ನಿಟ್ಟುಸಿರು ಬಿಟ್ಟ.

ಬುಧವಾರ ಝರೀನಾ ಮೇಡಂ ಶಾಲೆಯ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ದಾರಿಯ ಧೂಳಿಗೆ ಮುಖ ತೊಳೆದು, ಕರವಸ್ತ್ರ ಹಿಂಡಿ, ಅದನ್ನು ಕುರ್ಚಿಯ ಕೈಮೇಲೆ ಹರವಿದ್ದರು. ಒಂಬತ್ತಕ್ಕೆ ಸುಳ್ಳು ಪತ್ರಿಕೆ ಹೆಡ್‌ಮಾಸ್ತರರ ಫೋನಿಗೆ ಬಂತು. ಒಂಬತ್ತೂ ಇಪ್ಪತ್ತಕ್ಕೆ ಮೇಡಂ ಕರವಸ್ತ್ರ ಎತ್ತಿ ಮುಖದ ಮುಂದೆ ಹಿಡಿದರು. ಒರೆಸಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಓದುತ್ತಿದ್ದರು. "ಒಂದನೇ ಪ್ರಶ್ನೆ. ಕಾಗೆಗೆ ಎಷ್ಟು ಕಾಲುಗಳು?" ಎಂದು ಗಟ್ಟಿಯಾಗಿಯೇ ಓದಿದರು, ಹೊರಗಿನವರಿಗೆ ನಮ್ಮ ರೂಢಿ ಗೊತ್ತಿಲ್ಲವಲ್ಲ. ಆಮೇಲೆ ಕರವಸ್ತ್ರವನ್ನು ಮಡಚಿ ನನ್ನ ಕೈಗೆ ಕೊಟ್ಟರು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟು ಜನರ ಎದುರು ನನ್ನ ತಲೆ ಹಾಗೆ ತಗ್ಗಿದ್ದು ಅದೇ ಮೊದಲು. ಗೋಡೆಯ ಬದಿಯಲ್ಲಿ ಪವಿತ್ರಾ ನಿಂತಿದ್ದಳು. ಬಟ್ಟೆಯ ಗಂಟು ತಲೆಗೇರಿಸಿಕೊಂಡು ಹಳ್ಳದ ಕಡೆ ನಡೆದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಳಗೆ ಓಡಿ ಕಂಪ್ಯೂಟರು ನೋಡಿದೆ. ನನ್ನ ಹಾಟ್‌ಸ್ಪಾಟ್ ಒಂದು ಸಲಕ್ಕೆ ಎಂಟು ಫೋನುಗಳನ್ನು ಹಿಡಿಯುತ್ತದೆ, ಯಾವ್ಯಾವು ಎಂದು ಪಟ್ಟಿ ತೋರಿಸುತ್ತದೆ. ಎಂಟಕ್ಕೆ ಎಂಟೂ ತುಂಬಿತ್ತು. ಹೆಡ್‌ಮಾಸ್ತರರದು ಒಂದು, ಉಳಿದ ಏಳು ಊರಿನವರದು. ಪಟ್ಟಿಯ ತಲೆಯಲ್ಲೇ ಚನ್ನಬಸ್ಯಾ. ಬೀಗವೇನೋ ಇತ್ತು, ಕೀಲಿಕೈ ಏಳು ಮನೆಗಳಲ್ಲಿತ್ತು. ಅಂಥ ಬೀಗವನ್ನು ನಮ್ಮೂರಿನ ಗಾಳಿ ಬೀಗವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಸೀದಾ ಕ್ಷೌರದಂಗಡಿಗೆ ಹೋದೆ. "ಚನ್ನಬಸ್ಯಾ, ನಿನಗ ಯಾರು ಹೇಳ್ಯಾರ ನನ್ನ ಪಾಸ್‌ವರ್ಡ್?"

"ಯಾರೂ ಹೇಳಿಲ್ರಿ ಅಕ್ಕಾರ."

"ಮತ್ತ ಹೆಂಗ ಒಳಗ ಬಂದಿ?"

ಅವನು ಕತ್ತರಿ ಕೆಳಗಿಟ್ಟು ತನ್ನ ಬೆರಳುಗಳನ್ನೇ ನೋಡಿಕೊಂಡ. "ಫೋನಿನಾಗ ಒಂದು ಖಾಲಿ ಡಬ್ಬಿ ಬಂತ್ರಿ, ಏನರೆ ಬರಿ ಅಂತಂದು. ಖಾಲಿ ಡಬ್ಬಿ ಕಂಡ್ರ ನನ್ನ ಬೆರಳು ಸುಮ್ನಿರೂದಿಲ್ಲ. ನೀವು ಕಲಿಸಿದ್ದು ಅದನ್ನ ಅಲ್ರೀ? ಎ, ಎಸ್, ಡಿ, ಎಫ್, ಜಿ, ಎಫ್. ಸೆಮಿಕೋಲನ್, ಎಲ್, ಕೆ, ಜೆ, ಎಚ್, ಜೆ. ಫೋನಿನಾಗ ಸೆಮಿಕೋಲನ್ ಹುಡುಕೂದಕ್ಕ ಸ್ವಲ್ಪ ತ್ರಾಸ ಆತ್ರಿ. ಆದ್ರ ಅದನ್ನ ಬಿಟ್ರ ನೀವು ಪಾಠ ಒಪ್ಪತಿದ್ದಿಲ್ಲಲ್ಲ, ಹುಡುಕಿದೆ."

ನಾನು ಅವನ ಗಿರಾಕಿಯ ಕುರ್ಚಿಯ ಮೇಲೆ ಕೂತುಬಿಟ್ಟೆ. ಉಳಿದ ಆರು ಜನರನ್ನು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ. ಆರೂ ಜನರೂ ಅದೇ ಹೇಳಿದರು. ನಾನು ಅರ್ಥವಿಲ್ಲದ ಪದ ಎಂದು ಬೀಗಿದ್ದು ನನ್ನ ಮೊದಲ ದಿನದ ಮೊದಲ ಪಾಠವಾಗಿತ್ತು. ಊರಿನ ಪ್ರತಿಯೊಂದು ಕೈಗೂ ಅದನ್ನು ರೂಲುಕೋಲು ಹಿಡಿದು ಕುಡಿಸಿದವಳು ನಾನು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಅಷ್ಟು ನಾಚಿಕೆಯ ನಡುವೆಯೂ, ಸುಳ್ಳು ಯಾಕೆ ಹೇಳಲಿ, ಎದೆಯ ಒಂದು ಮೂಲೆಯಲ್ಲಿ ಹೆಮ್ಮೆಯಾಯಿತು. ಇಪ್ಪತ್ತು ವರ್ಷ ಕತ್ತರಿ ಹಿಡಿದವನ ಬೆರಳು ಕೂಡ ಸೆಮಿಕೋಲನ್ ಬಿಟ್ಟಿರಲಿಲ್ಲ.

ಝರೀನಾ ಮೇಡಂ ಜೀಪು ಹತ್ತುವ ಮೊದಲು ಅವರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ, ಆದರೆ ಪೆನ್ನು ಕೆಳಗಿಳಿಸಿದರು. "ನೋಡ್ರಿ ಅಕ್ಕಾರ, ತಪ್ಪು ಎಲ್ಲಾತು ಅಂತ ನೀವ ಬಂದು ಹೇಳೀರಿ, ಅದಕ್ಕ ಇನ್ನೊಂದು ಅವಕಾಶ ಕೊಡ್ತೀನಿ. ಇನ್ನೊಂದು ತಾಲೀಮಿಗೆ ಟೈಮಿಲ್ಲ. ಸೋಮವಾರ ಗಣಿತದ ಪರೀಕ್ಷೆ. ನಿಮ್ಮೂರಾಗ ಬರೀಬೇಕು ಅನ್ನೋ ಹುಡುಗ್ರು ಬರೀಲಿ. ಆದ್ರ ಪತ್ರಿಕೆ ಹೊರಗ ಬಿದ್ರ ಅವರ ವರ್ಷ ಹೋಗ್ತದ. ಬ್ಯಾಡ ಅನ್ನೋರು ಲಾಂಚಿಗೆ ಹೆಸರು ಕೊಡಲಿ. ಅವರವರ ತಂದಿ ತಾಯಿ ವಿಚಾರ ಮಾಡಲಿ."

ಈಗ ಹೊಸ ಪಾಸ್‌ವರ್ಡ್ ಬೇಕು. ಬೆರಳು ಕೀಲಿಗಳ ಮೇಲಿಟ್ಟು ತಿರುಗಿ ಎತ್ತಿಕೊಂಡೆ. ನಾನು ಏನು ಟೈಪ್ ಮಾಡಿದರೂ ಅದು ಎಂದೋ ಯಾರಿಗೋ ಕಲಿಸಿದ ಪಾಠವೇ ಆಗಿರುತ್ತದೆ. ಎರಡನೇ ಸಾಲಿನ ಅಭ್ಯಾಸ, ಮೂರನೇ ಸಾಲಿನದು, ಅರ್ಜಿಯ ಒಕ್ಕಣೆ, ಎಲ್ಲವೂ ಊರಿನ ಬೆರಳುಗಳಲ್ಲಿವೆ. ಮೂರು ದಿನ ಯೋಚಿಸಿದೆ. ನನ್ನ ತಲೆಯಲ್ಲಿರುವುದೆಲ್ಲ ಊರಿನ ಕೈಯಲ್ಲಿದೆ ಎಂದಾದರೆ, ಊರಿನ ಕೈಯಲ್ಲಿಲ್ಲದ್ದು ಯಾರ ತಲೆಯಲ್ಲಿದೆ? ಶನಿವಾರ ಮುಂಜಾನೆ ಎದ್ದವಳೇ ಕಲ್ಲವ್ವನ ಮನೆಗೆ ಹೋದೆ.

ಕಲ್ಲವ್ವ ನನ್ನ ಶಾಲೆಯ ಮೆಟ್ಟಿಲು ಹತ್ತದ ಒಬ್ಬಳೇ ಒಬ್ಬಳು. ಅವಳು ಓದಲು ಕಲಿತದ್ದೂ ಬಟ್ಟೆಯ ಮೇಲಿನಿಂದ. ಊರಿನ ಜಗಳ, ಮದುವೆಯ ಮಾತುಕತೆ, ಮಾಡಬಾರದ ಪ್ರೀತಿ, ಹೇಳಬಾರದ ರೋಗ, ಎಲ್ಲವನ್ನೂ ಐವತ್ತು ವರ್ಷ ಓದಿ, ಒಗೆದು, ಇಸ್ತ್ರಿ ಹಾಕಿ ಕೊಟ್ಟಿದ್ದಾಳೆ. ಒಂದನ್ನೂ ತುಟಿಯಾಚೆ ದಾಟಿಸಿಲ್ಲ. ಅವಳ ಮುಂದೆ ಕೂತು ನನ್ನ ಪೇಚನ್ನೆಲ್ಲ ಹೇಳಿಕೊಂಡೆ. ಅವಳು ಎದುರಿಗಿದ್ದ ಅಂಗಿಯ ರಾಶಿಯಿಂದ ಒಂದನ್ನು ಎಳೆದು ಅದರ ಕಾಲರಿನ ಒಳಮಗ್ಗುಲು ತಿರುವಿ ತೋರಿಸಿದಳು. ಅಲ್ಲಿ ಕರಿಮಸಿಯಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ.

"ಇದೇನು ಹೇಳ್ರಿ ಅಕ್ಕಾರ."

"ನಿನ್ನ ಗುರ್ತು. ಯಾರ ಮನಿ ಅರಿವಿ ಅಂತ ತಿಳಿಯೂದಕ್ಕ."

"ಯಾರ ಮನೀದು?"

ನನಗೆ ತಿಳಿಯಲಿಲ್ಲ.

"ನಿಮ್ಮದ ಮನೀದ್ರಿ" ಎಂದು ಕಲ್ಲವ್ವ ನಕ್ಕಳು. "ಐವತ್ತು ವರ್ಷ ಆತು, ನಿಮ್ಮ ಮೈಮ್ಯಾಲ ಅದ. ನಿಮಗ ಗೊತ್ತಿಲ್ಲ. ನೂರಾ ಹನ್ನೆರಡು ಮನಿಗೆ ನೂರಾ ಹನ್ನೆರಡು ಗುರ್ತು. ನಮ್ಮತ್ತಿ ನನಗ ಹೇಳಿಕೊಟ್ಟಾಳ, ನಾ ಯಾರಿಗೂ ಹೇಳಿಲ್ಲ. ಪವಿತ್ರಾಗೂ ಹೇಳಿಲ್ಲ. ಇದರಾಗ ನಾಕು ಮನಿ ಗುರ್ತು ಕೂಡಿಸಿದ್ರ ನಿಮ್ಮ ಬೀಗ ಆಕ್ಕೈತೇನು?"

ಚುಕ್ಕಿ, ಅಡ್ಡಗೆರೆ, ಓರೆಗೆರೆ, ಕೂಡಿಸುವ ಗುರುತು, ಎಲ್ಲವೂ ಕೀಲಿಮಣೆಯಲ್ಲಿವೆ. ಆಗುತ್ತದೆ ಎಂದೆ. ಯಾವ ನಾಲ್ಕು ಮನೆ, ಹೇಳು, ಬರೆದುಕೊಳ್ಳುತ್ತೇನೆ ಎಂದು ಪೆನ್ಸಿಲು ತೆಗೆದೆ.

ಕಲ್ಲವ್ವ ನಗು ನಿಲ್ಲಿಸಿದಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮಗೂ ಹೇಳೂದಿಲ್ಲ."

"ನನ್ನ ಕಂಪ್ಯೂಟರ್ ಕಲ್ಲವ್ವಾ ಅದು!"

"ಹೌದ್ರಿ. ಆದ್ರ ನಿಮ್ಮ ಬೆರಳು ಮಾತಾಡತಾವ. ನೀವು ಒಮ್ಮೆ ಬಡದ್ರ ಅದನ್ನ ಕೇಳಿ ಮಂದಿ ಕಲೀತಾರ. ಅದಕ್ಕ ತಪ್ಪೇನಿಲ್ಲ, ನೀವು ಕಲಿಸಾಕ ಹುಟ್ಟಿದಾಕಿ. ನಾ ಮುಚ್ಚಿಡಾಕ ಹುಟ್ಟಿದಾಕಿ."

ನನಗೆ ಉರಿಯಿತು. ನನ್ನ ವೈರು, ನನ್ನ ಯಂತ್ರ, ನನ್ನ ಮೂವತ್ತನಾಲ್ಕು ವರ್ಷ. ಬೀಗ ಹಾಕಿ ಕೀಲಿಕೈಯನ್ನು ಅವಳ ಸೆರಗಿಗೆ ಕಟ್ಟಬೇಕೆಂದರೆ ಹೇಗೆ? ಬಾಗಿಲವರೆಗೆ ಎದ್ದುಹೋದೆ ಕೂಡ. ಅಲ್ಲಿ ಪವಿತ್ರಾ ಕೂತು ಇಸ್ತ್ರಿಯ ಇದ್ದಿಲು ಊದುತ್ತಿದ್ದಳು. ಅವಳ ಮಗ್ಗುಲಲ್ಲಿ ಗಣಿತದ ಪುಸ್ತಕ ಮುಚ್ಚಿತ್ತು, ಅದರ ಮೇಲೆ ಮಡಚಿದ ಅಂಗಿಗಳನ್ನು ಪೇರಿಸಿದ್ದಳು. ನಾನು ತಿರುಗಿ ಬಂದು "ನಡಿ ಕಲ್ಲವ್ವ" ಎಂದೆ.

ನನ್ನ ಶಾಲೆಯ ಮೆಟ್ಟಿಲನ್ನು ಕಲ್ಲವ್ವ ಅವತ್ತು ಮೊದಲ ಸಲ ಹತ್ತಿದಳು. ಯಾವ ಗುರುತು ಎಲ್ಲಿದೆ ಎಂದು ಕೀಲಿಮಣೆಯ ಮೇಲೆ ತೋರಿಸಿದೆ. ಎಂಟಕ್ಕಿಂತ ಹೆಚ್ಚಾದರೂ ಸರಿ, ಕಡಿಮೆ ಮಾತ್ರ ಬೇಡ ಎಂದೆ. ಹಳೆಯ ಪಾಸ್‌ವರ್ಡ್ ಅಳಿಸಿ, ಡಬ್ಬಿ ಖಾಲಿ ಮಾಡಿ, ಗೋಡೆಯ ಕಡೆ ಮುಖ ಮಾಡಿ ಕೂತೆ. ಆಮೇಲೆ ನೆನಪಾಯಿತು. ಸದ್ದು ಕೇಳಿಯೇ ಯಾರ ಯಾವ ಬೆರಳು ಎಲ್ಲಿ ತಪ್ಪಿತು ಎಂದು ಹೇಳುವವಳು ನಾನು. ಎರಡೂ ಕಿವಿಗೆ ಅಂಗೈ ಒತ್ತಿಕೊಂಡೆ. ಕಲ್ಲವ್ವ ಒಂದೇ ಬೆರಳಿನಲ್ಲಿ, ಬಟ್ಟೆಗೆ ಗುರುತು ಹಾಕುವಷ್ಟೇ ನಿಧಾನವಾಗಿ ಒತ್ತಿದಳು. ಎಷ್ಟು ಹೊತ್ತೋ. ಕೊನೆಗೆ ಅವಳು ನನ್ನ ಭುಜ ಮುಟ್ಟಿದಳು. ಪಕ್ಕದ ಹೈಸ್ಕೂಲಿಗೆ ಹೋಗಿ ಹೆಡ್‌ಮಾಸ್ತರರ ಫೋನಿಗೂ ಅದನ್ನು ಅವಳೇ ಹಾಕಿ ಬಂದಳು, ಅವರನ್ನೂ ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದಳಂತೆ. ನನ್ನ ಪಟ್ಟಿಯಲ್ಲಿ ಒಂದು ಫೋನು ಮೂಡಿತು. ಉಳಿದ ಏಳು ಜಾಗ ಖಾಲಿ.

ಇನ್ನೊಂದು ಸಂಗತಿ ನಿಮಗೆ ಹೇಳಬೇಕು. ಪರದೆಯ ಮೇಲೆ ಒಂದು ಗುಂಡಿ ಒತ್ತಿದ್ದರೆ ಸಾಕಿತ್ತು, ಆ ಪಾಸ್‌ವರ್ಡ್ ನನಗೆ ಕಾಣುತ್ತಿತ್ತು. ಭಾನುವಾರ ಇಡೀ ದಿನ ನಾನು ಆ ಯಂತ್ರದ ಮುಂದೆ ಒಬ್ಬಳೇ ಇದ್ದೆ. ಒತ್ತಲಿಲ್ಲ. ನನ್ನ ಬಾಳಿನಲ್ಲಿ ಎಷ್ಟೋ ಲಕ್ಷ ಕೀಲಿ ಒತ್ತಿದ್ದೇನೆ, ಒತ್ತದೆ ಬಿಟ್ಟ ಆ ಒಂದನ್ನು ನಾನು ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ಲಾಂಚಿಗೆ ಹೆಸರು ಕೊಡಲು ಭಾನುವಾರ ಸಂಜೆಯೇ ಕಡೆ. ನಲವತ್ತಮೂರು ಮಕ್ಕಳಲ್ಲಿ ಎಷ್ಟು ಮಂದಿ ಕೊಟ್ಟಿರಬಹುದು ಎಂದು ಹೆಡ್‌ಮಾಸ್ತರರನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಬಂದು ಹಾಳೆ ತೋರಿಸಿದರು. ಮೇಲೆ ತಲೆಬರಹ, ಕೆಳಗೆ ಗೆರೆಗಳು, ಗೆರೆಗಳ ಮೇಲೆ ಏನೂ ಇಲ್ಲ. "ಒಬ್ಬರೂ ಕೊಡಲಿಲ್ರಿ ಅಕ್ಕಾರ" ಎಂದರು. ನನಗೆ ಕಣ್ಣು ತುಂಬಿಬಂತು, ಬರಲಿ ಎಂದು ಬಿಟ್ಟೆ.

ಸೋಮವಾರ ಮುಂಜಾನೆ ಏಳಕ್ಕೆ ಹೊರಗೆ ಬಂದು ನೋಡುತ್ತೇನೆ, ಊರಿಗೆ ಊರೇ ಬಟ್ಟೆ ಒಗೆದು ಹಾಕಿದೆ. ಯಾರೂ ಹಾಗೆ ಮಾಡಿ ಎಂದಿರಲಿಲ್ಲ. ನನ್ನ ಕಿಟಕಿ ತೆರೆದಿದ್ದರೂ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಬಿಳಿ ಧೋತರ, ಬಿಳಿ ಪಂಚೆ, ಬಿಳಿ ಅಂಗಿ, ಹಾಸಿಗೆಯ ಬಿಳಿ ಹೊದಿಕೆ, ಮದುವೆಗೆ ತೆಗೆದಿಟ್ಟಿದ್ದ ರೇಷ್ಮೆಯ ಉತ್ತರೀಯ ಕೂಡ. ಚನ್ನಬಸ್ಯಾ ಅಂಗಡಿಯ ಬಿಳಿ ಬಟ್ಟೆಗಳನ್ನೆಲ್ಲ ನೀರಿಗದ್ದಿ ಸಾಲಾಗಿ ಹರವಿ, "ಬೀಳೂದಿದ್ರ ಮೊದಲು ನಮ್ಮ ಮ್ಯಾಲ ಬೀಳ್ಲಿ, ಏನಂತೀರಿ ಅಕ್ಕಾರ?" ಎಂದ. ತನ್ನ ಫೋನನ್ನು ತಂದು ನನ್ನ ಕಿಟಕಿಯ ಕಟ್ಟೆಯ ಮೇಲಿಟ್ಟ. ಅವನನ್ನು ನೋಡಿ ಉಳಿದವರೂ ಇಟ್ಟರು. ಬೆರಳಿನ ಮೇಲೆ ಅವರಿಗೇ ನಂಬಿಕೆಯಿರಲಿಲ್ಲ.

ಒಂಬತ್ತಕ್ಕೆ ಪತ್ರಿಕೆ ಬಂತು. ನಾನು ಪಟ್ಟಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಒಂದು ಫೋನು, ಒಂದೇ. ಹೊರಗೆ ಝರೀನಾ ಮೇಡಂ ಪೆನ್ನು ಹಿಡಿದು ಹಗ್ಗದಿಂದ ಹಗ್ಗಕ್ಕೆ ನಡೆಯುತ್ತಿದ್ದರು. ಬಿಸಿಲೇರಿತು, ಬಟ್ಟೆಗಳು ಒಣಗತೊಡಗಿದವು. ಫೋನಿಗೆ ಪೂರ್ತಿ ಇಳಿಯಿತು ಎಂದು ಹೆಡ್‌ಮಾಸ್ತರರು ಗೋಡೆಯಾಚೆಯಿಂದ ಕೂಗಿದ ಕೂಡಲೇ ನಾನು ಹಾಟ್‌ಸ್ಪಾಟ್ ಆರಿಸಿ ಹೊರಗೆ ಓಡಿದೆ.

ಅಷ್ಟರಲ್ಲಿ ಮೇಡಂ ಒಂದು ಅಂಗಿಯ ಮುಂದೆ ನಿಂತುಬಿಟ್ಟಿದ್ದರು. "ಇಲ್ಲಿ ಏನೋ ಮೂಡೇದ!" ಎಂದರು. ಓಣಿಯೇ ಉಸಿರು ಹಿಡಿಯಿತು. ಕಲ್ಲವ್ವ ನಿಧಾನಕ್ಕೆ ಹೋಗಿ ಕಾಲರು ನೋಡಿದಳು. "ಅದು ನನ್ನ ಗುರ್ತ್ರಿ ಬಾಯಾರ. ಮೂರು ಚುಕ್ಕಿ, ಒಂದು ಅಡ್ಡಗೆರಿ. ಈ ಮನಿ ಅರಿವಿ ಅಂತ ತಿಳಿಯೂದಕ್ಕ ಹಾಕಿದ್ದು." ಮೇಡಂ ಪಕ್ಕದ ಅಂಗಿಯ ಕಾಲರು ತಿರುವಿ ನೋಡಿದರು, ಅದರ ಪಕ್ಕದ್ದನ್ನೂ ನೋಡಿದರು. ಎಲ್ಲದರ ಮೇಲೂ ಗುರುತು, ಒಂದೊಂದರ ಮೇಲೆ ಒಂದೊಂದು ಬಗೆ. ನಮ್ಮ ಬೀಗದ ಕೀಲಿಕೈ ಅವರ ಕಣ್ಣೆದುರೇ ಹಗ್ಗದುದ್ದಕ್ಕೂ ತೂಗಾಡುತ್ತಿತ್ತು. ಅದನ್ನು ಅವರಿಗೆ ಹೇಳುವಷ್ಟು ಪೆದ್ದಿ ನಾನಲ್ಲ.

ಹತ್ತೂವರೆಗೆ ಪರೀಕ್ಷೆ ಶುರುವಾಗುವ ಗಂಟೆ ಹೊಡೆಯಿತು. ಬಟ್ಟೆಗಳು ಗರಿಗರಿಯಾಗಿ ಒಣಗಿದ್ದವು, ಒಂದರ ಮೇಲೂ ಒಂದು ನೀಲಿ ಚುಕ್ಕಿಯಿರಲಿಲ್ಲ. ಝರೀನಾ ಮೇಡಂ ಕೊನೆಯ ಹಗ್ಗದವರೆಗೂ ನಡೆದು ತಿರುಗಿ ಬಂದು, ಏನೋ ಬರೆದುಕೊಂಡು, ನನಗೂ ಕಲ್ಲವ್ವನಿಗೂ ಕೈ ಮುಗಿದರು. ಊರಿನವರು ಹೋ ಎಂದರು. ನಾನು ಎನ್ನಲಿಲ್ಲ. ಪರೀಕ್ಷೆ ಮುಗಿಯಲಿ ಎಂದು ಶಾಲೆಯ ಗೇಟಿನ ಬಳಿ ಮೂರು ತಾಸು ನಿಂತೆ. ಕಲ್ಲವ್ವನೂ ನಿಂತಳು.

ಮಕ್ಕಳು ಹೊರಗೆ ಬಂದರು. ಒಬ್ಬೊಬ್ಬರ ಮುಖವೂ ಹುಳಿ ಮಜ್ಜಿಗೆ ಕುಡಿದ ಹಾಗಿತ್ತು. ಎಲ್ಲರ ಹಿಂದೆ ಪವಿತ್ರಾ ಬಂದಳು, ಬೆರಳಿನ ತುಂಬಾ ಮಸಿ, ಮೂಗಿನ ತುದಿಯಲ್ಲಿ ಸಿಟ್ಟು.

"ಎಂಥಾ ಪೇಪರ್ ಕೊಟ್ಟಾರ್ರಿ ಅಕ್ಕಾರ ಅವರು! ಹನ್ನೆರಡನೇ ಪ್ರಶ್ನಿ ಎಲ್ಲಿಂದ ತಂದಾರೋ ದೇವರಿಗೇ ಗೊತ್ತು. ಮೂರು ಸಲ ಬಿಡಿಸಿದ ಮ್ಯಾಲ ಉತ್ರ ಬಂತು. ಹಿಂಗ ಕೇಳತಾರ ಅಂತ ಯಾರಿಗೂ ಗೊತ್ತಿರಲಿಲ್ಲ."

"ಯಾರಿಗೂ?" ಎಂದೆ.

"ಯಾರಿಗೂರಿ."

ನಾನು ಕಲ್ಲವ್ವನ ಕೈ ಹಿಡಿದುಕೊಂಡೆ. "ಇನ್ನೊಮ್ಮೆ ಹೇಳವ್ವ" ಎಂದೆ ಹುಡುಗಿಗೆ, "ಸ್ವಲ್ಪ ಜೋರಾಗಿ ಹೇಳು."